ಈ ಮನೆಯಲ್ಲಿ ಕೆಲಸವಿಲ್ಲದವರು

ಕಮತಗಿಯ ಕೂಡಲೆಪ್ಪನ ಮನೆಗೆ ಸರಕಾರದವರು ಬಂದಾಗ ಮೊಮ್ಮಗಳು ನೀಲವ್ವ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಆ ಮನೆಯವರು ಒಂದು ತಿಂಗಳು ಒಬ್ಬರ ಮೇಲೊಬ್ಬರು ಹರಿಹಾಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವಳು ಬಟ್ಟೆಯ ಗಂಟು ಹೊತ್ತು ಬಾವಿಗೆ ಹೋಗಿದ್ದಳು. ಅವಳ ತಾಯಿ ಗುರುಲಿಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಂದೆ ಈರಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಹೀಗಾಗಿ ಬಂದವರ ಹತ್ತಿರ ಮಾತಾಡುವ ಜವಾಬ್ದಾರಿ ಅಜ್ಜನ ಪಾಲಿಗೆ ಬಂತು. ಮಾತಾಡುವ ಜವಾಬ್ದಾರಿಯನ್ನು ಕೂಡಲೆಪ್ಪ ಅಷ್ಟು ಸುಲಭಕ್ಕೆ ಬೇರೆಯವರಿಗೆ ಬಿಟ್ಟುಕೊಡುವವನೂ ಅಲ್ಲ.

ಬಂದವರು ಗ್ರಾಮಸೇವಕ ಪಂಢರೀನಾಥರು. ಅದು ಎಂಬತ್ತೆರಡನೆಯ ಇಸವಿ, ಬೇಸಿಗೆ ಮುಗಿಯುತ್ತ ಬಂದಿತ್ತು. ಹಳ್ಳಿಯ ಹುಡುಗ ಹುಡುಗಿಯರಿಗೆ ಒಂದು ಕಸುಬು ಕಲಿಸಿ, ಕಲಿಯುವಷ್ಟು ದಿನ ಕೈಖರ್ಚಿಗೂ ಕೊಟ್ಟು, ಆಮೇಲೆ ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡಬೇಕೆಂದು ಸರಕಾರ ಹೊಸ ಯೋಜನೆ ತಂದಿತ್ತು. ಯಾವ ಮನೆಯಲ್ಲಿ ಕೆಲಸವಿಲ್ಲದವರು ಯಾರಿದ್ದಾರೆ ಎಂದು ಕೇಳುತ್ತ ಪಂಢರೀನಾಥರು ಓಣಿ ಓಣಿ ತಿರುಗುತ್ತಿದ್ದರು.

"ಕೂಡಲೆಪ್ಪನವರ, ನಿಮ್ಮ ಮನ್ಯಾಗ ನಿರುದ್ಯೋಗಿಗಳು ಯಾರಿದ್ದಾರ್ರಿ?"

"ಏನಂದ್ರಿ?"

"ಕೆಲಸ ಇಲ್ಲದವರು. ಸುಮ್ಮನ ಖಾಲಿ ಕೂತವರು."

ಕೂಡಲೆಪ್ಪನ ಹಣೆಯ ವಿಭೂತಿ ಮೇಲೆ ಹೋಗಿ ಕೆಳಗಿಳಿಯಿತು. ಅವನ ಹೆಸರೇ ಕೂಡಲಸಂಗಮದ ದೇವರದು, ಅವನ ನಡೆಯೂ ಆ ಕಡೆಯದೇ. ದುಡಿಯದೆ ಉಣ್ಣುವುದು ಅವನ ಲೆಕ್ಕದಲ್ಲಿ ಕಳ್ಳತನಕ್ಕಿಂತ ಕೀಳು.

"ಸಾಹೇಬ್ರ, ಇದು ಬಸವಣ್ಣನ್ನ ನಂಬಿದ ಮನಿ. ಕಾಯಕ ಇಲ್ಲದವರು ಇಲ್ಲಿ ಒಬ್ಬರೂ ಇಲ್ಲ. ಬರಕೋರಿ. ಮಗ ನೇಯ್ತಾನ. ಸೊಸಿ ನೂಲಿಗೆ ಗಂಜಿ ಹಾಕ್ತಾಳ, ರೊಟ್ಟಿ ಬಡೀತಾಳ. ಮೊಮ್ಮಗಳು ಲಾಳಿಗೆ ನೂಲಿನ ಕಂಡಿಕಿ ಸುತ್ತತಾಳ. ನಾ ಹರದ ಎಳಿ ಕೂಡಸ್ತೇನಿ. ನಮ್ಮ ಆಕಳೂ ಖಾಲಿ ಇಲ್ಲ, ಗಬ್ಬ ಐತಿ."

"ಆಕಳದು ಬ್ಯಾಡ್ರಿ," ಎಂದರು ಪಂಢರೀನಾಥರು. "ಮೊಮ್ಮಗಳಿಗೆ ಹತ್ತೊಂಬತ್ತು ಅಂತ ಕೇಳೀನಿ. ಆಕೀದು ಏನರೆ ವಿಚಾರ ಅದ ಏನು?"

"ಹೇಳಿದೆನಲ್ರಿ, ಕಂಡಿಕಿ ಸುತ್ತತಾಳ. ಆಕಿ ಕೈ ಒಂದು ಗಳಿಗಿ ಸುಮ್ಮನ ಇದ್ದದ್ದು ನಾ ನೋಡಿಲ್ಲ."

ಪಂಢರೀನಾಥರು ತಲೆಯಾಡಿಸಿ, ಯಾರೂ ಇಲ್ಲ ಎಂದು ಬರೆದುಕೊಂಡು ಎದ್ದರು. ಕೂಡಲೆಪ್ಪ ಅವರ ಕೈಗೆ ಒಂದು ನೂಲಿನ ಲಡಿ ಕೊಟ್ಟು, "ಚಾ ಬರೂತನಕ ಇಷ್ಟು ಬಿಡಸ್ರಿ" ಎಂದ. ಇದು ಆ ಮನೆಯ ಪದ್ಧತಿ. ಯಾರೇ ಬರಲಿ, ಬಾಯಿಗೆ ಏನಾದರೂ ಬೀಳುವ ಮೊದಲು ಕೈ ಸ್ವಲ್ಪ ಆಡಬೇಕು. ಹಿಂದಿನ ವರ್ಷ ನೀಲವ್ವನನ್ನು ನೋಡಲು ಬಂದ ವರನ ಸೋದರಮಾವನಿಗೂ ಹೀಗೇ ಲಡಿ ಕೊಟ್ಟಿದ್ದ. ಆತ ಅವಲಕ್ಕಿ ಮುಟ್ಟದೆ ಎದ್ದುಹೋದ, ಸಂಬಂಧವೂ ಅವನ ಹಿಂದೆಯೇ ಎದ್ದುಹೋಯಿತು. ಪಂಢರೀನಾಥರು ಮಾತ್ರ ನಗುತ್ತ ಲಡಿ ಬಿಡಿಸಿ ಚಹಾ ಕುಡಿದು ಹೋದರು.

ನೀಲವ್ವ ಒದ್ದೆ ಬಟ್ಟೆ ಹೊತ್ತುಕೊಂಡು ಬಂದಳು. ಪಕ್ಕದ ಮನೆಯ ರಂಜಾನಬಿ ಬಾಗಿಲಲ್ಲೇ ಹಿಡಿದು ಸುದ್ದಿ ಹೇಳಿದ್ದಳು.

"ಮುತ್ಯಾ, ಗ್ರಾಮಸೇವಕರು ಬಂದಿದ್ರಂತ? ನನ್ನ ಹೆಸರು ಬರಸಿದಿಲ್ಲ?"

"ಬರಸಿದೆ. ಮೊಮ್ಮಗಳು ಭಾಳ ದುಡೀತಾಳ ಅಂತ ಬರಸಿದೆ."

ನೀಲವ್ವ ಬಟ್ಟೆಯ ಗಂಟನ್ನು ಅಂಗಳದಲ್ಲಿ ಕೈಬಿಟ್ಟು ಹೊಸ್ತಿಲ ಮೇಲೆ ಕುಸಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಅಜ್ಜನಿಗೆ ಅರ್ಥವಾಗಲಿಲ್ಲ. ಹೊಗಳಿದರೆ ಅಳುವ ಹುಡುಗಿಯನ್ನು ಅವನು ಕಂಡಿರಲಿಲ್ಲ.

ರಂಜಾನಬಿಯ ಅಣ್ಣ ಮುರ್ತುಜಸಾಬ ಹುನಗುಂದದಲ್ಲಿ ಸುಟ್ಟುಹೋದ ಮೋಟರುಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಸುತ್ತ ಊರುಗಳಲ್ಲಿ ಬಾವಿಗಳಿಗೆ ಕರೆಂಟಿನ ಪಂಪು ಕೂಡಿಸುವವರು ಹೆಚ್ಚಾಗಿದ್ದರು. ಕರೆಂಟು ಮನಬಂದಂತೆ ಏರಿಳಿದು ಮೋಟರು ಸುಡುತ್ತಿತ್ತು. ಸುಟ್ಟ ಮೋಟರಿನ ಹೊಟ್ಟೆಯಿಂದ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೂಡಿಸುವುದು ಅವನ ಕಸುಬು. ಉಗಾದಿಯ ಹೊತ್ತಿಗೆ ತಂಗಿಯ ಮನೆಗೆ ಬಂದವನು ಅರ್ಧಕ್ಕೆ ನಿಂತ ಕೆಲಸವನ್ನೂ ಚೀಲದಲ್ಲಿ ತಂದಿದ್ದ. ಕಟ್ಟೆಯ ಮೇಲೆ ಕೂತು ತಂತಿ ಸುತ್ತುವುದನ್ನು ನೀಲವ್ವ ಗೋಡೆಯಾಚೆಯಿಂದ ನೋಡುತ್ತಿದ್ದಳು. ನೋಡಿ ನೋಡಿ, "ಕಾಕಾ, ನಾ ಒಂದು ಸುತ್ತಲೇನ್ರಿ?" ಎಂದು ಕೇಳಿದ್ದಳು. ಮೊದಲನೆಯದು ಕೆಟ್ಟಿತು. ಎರಡನೆಯದನ್ನು ಅವನು ಬಿಚ್ಚಲಿಲ್ಲ, ಹಾಗೇ ಮೋಟರಿಗೆ ಹಾಕಿದ. "ಬ್ಲಾಕ್ ಆಫೀಸಿನವರು ನಾಕು ಮಂದಿಗೆ ಕಲಸು ಅಂದಾರ. ಹೆಸರು ಬರಸವಾ. ಬಂದ್ರ ಕಲಸ್ತೇನಿ," ಎಂದು ಹೇಳಿ ಹೋಗಿದ್ದ.

ಅಂದಿನಿಂದ ನೀಲವ್ವನಿಗೆ ಬೇರೆ ಧ್ಯಾನವಿರಲಿಲ್ಲ. ಹತ್ತಿ ನೂಲನ್ನು ಸುತ್ತಿಕೊಂಡು ಬೆಳೆದ ಹುಡುಗಿಗೆ ತಾಮ್ರದ ತಂತಿಯ ಮೇಲೆ ಮನಸ್ಸು ಬಿದ್ದಿತ್ತು. ಮೋಟರು ಗುಂಯ್ ಎಂದು ತಿರುಗಿ ನೀರು ಎತ್ತಿದರೆ ಅದರೊಳಗೆ ತನ್ನ ಕೈ ಇದೆ ಎಂದು ಗೊತ್ತಾಗುತ್ತದಲ್ಲ, ಅದು ಅವಳಿಗೆ ಬೇಕಾಗಿತ್ತು.

ಊಟಕ್ಕೆ ಕೂತಾಗ ಜಗಳ ಹತ್ತಿತು.

"ಕೆಲಸ ಇಲ್ಲ ಅಂತ ಒಂದು ಮಾತು ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?" ಎಂದ ಈರಪ್ಪ ಪುಂಡಿಪಲ್ಯ ಹಚ್ಚಿಕೊಳ್ಳುತ್ತ. "ಎಲ್ಲಾರೂ ಹಂಗ ಬರಸ್ಯಾರ. ಮ್ಯಾಲಿನ ಓಣ್ಯಾಗ ದುಕಾನ ಇಟ್ಟವರೂ ಮಕ್ಕಳು ಖಾಲಿ ಅದಾರ ಅಂದಾರ."

"ಅವರು ಅನ್ನಲಿ. ನನ್ನ ಮೊಮ್ಮಗಳು ಕಾಯಕ ಇಲ್ಲದಾಕಿ ಅಂತ ನಾನ ನನ್ನ ಬಾಯಿಲೆ ಬರಸಲೇನು?"

"ಹಂಗಾರ ಆಕಿ ಕಲಿಯೂದು ಬ್ಯಾಡೇನು?"

"ಯಾರಂದ್ರು ಬ್ಯಾಡ ಅಂತ? ಕಲೀಲಿ. ಹುನಗುಂದಕ್ಕ ಹೋಗಲಿ, ಬಾಗಲಕೋಟಿಗೆ ಹೋಗಲಿ. ಸುಳ್ಳು ಒಂದ ಹೇಳಾವಲ್ಲ ನಾ."

ಗುರುಲಿಂಗವ್ವ ರೊಟ್ಟಿಯ ಬುಟ್ಟಿಯನ್ನು ಸ್ವಲ್ಪ ಜೋರಾಗಿಯೇ ನೆಲಕ್ಕಿಟ್ಟಳು. "ಕಲ್ತು ಏನ್ ಮಾಡೂದೈತಿ? ಆಕಿ ಬಸ್ ಹತ್ತಿ ಹೋದ್ರ ಕಂಡಿಕಿ ಸುತ್ತವರ್ಯಾರು? ನೀರು ತರವರ್ಯಾರು? ನನಗ ನಾಕು ಕೈ ಅದಾವೇನು?"

ಈರಪ್ಪ ಇನ್ನೊಂದು ರೊಟ್ಟಿ ಮುರಿದ. ಗುರುಲಿಂಗವ್ವನ ಪ್ರಶ್ನೆಗಳಿಗೆ ಆ ಮನೆಯಲ್ಲಿ ಉತ್ತರ ಕೊಡುವ ರೂಢಿ ಇರಲಿಲ್ಲ.

ಮರುದಿನ ಕೂಡಲೆಪ್ಪ ರುಮಾಲು ಸುತ್ತಿಕೊಂಡು ಪಂಚಾಯತಿಗೆ ಹೋದ. ಪಂಢರೀನಾಥರು ಅಲ್ಲೇ ಇದ್ದರು.

"ಸಾಹೇಬ್ರ, ಮೊಮ್ಮಗಳ ಹೆಸರು ಬರಕೋರಿ."

"ಬರಕೋತೀನಿ. ಆಕಿಗೆ ಕೆಲಸ ಇಲ್ಲ ಅಂತ ಹೇಳ್ರಿ ಸಾಕು."

ಕೂಡಲೆಪ್ಪ ಬಾಯಿ ತೆರೆದ. ಕೆಮ್ಮಿದ, ಮತ್ತೆ ಬಾಯಿ ತೆರೆದ. ಆಗಲಿಲ್ಲ. ಎಪ್ಪತ್ತು ದಾಟಿದ ಮುದುಕ ಬೆವರುವುದನ್ನು ನೋಡಿ ಪಂಢರೀನಾಥರಿಗೇ ಕನಿಕರ ಬಂತು.

"ಇರ್ಲಿ ಬಿಡ್ರಿ. ಬರೋ ತಿಂಗಳ ಕಡೀಗೆ ಹೆಸರೆಲ್ಲಾ ಹುನಗುಂದಕ್ಕ ಕಳಸಬೇಕು. ಅದಕ್ಕಿಂತ ಮೊದಲ ಇನ್ನೊಂದು ಸಲ ಮನಿಗೆ ಬರ್ತೀನಿ. ಆವಾಗ ಆಕಿ ಖಾಲಿ ಇದ್ದಳು ಅಂದ್ರ ನೀವು ಏನೂ ಹೇಳೋದು ಬ್ಯಾಡ, ನಾನ ನೋಡಿ ಬರಕೋತೀನಿ."

ಕೂಡಲೆಪ್ಪ ದಾರಿಯುದ್ದಕ್ಕೂ ಯೋಚನೆ ಮಾಡುತ್ತ ಬಂದ. ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅವನ ಮುಖ ಗೆಲುವಾಗಿತ್ತು.

"ಇಲ್ಲಿ ಕೇಳ್ರಿ ಎಲ್ಲಾರೂ. ಇವತ್ತಿನಿಂದ ನೀಲವ್ವಗ ಈ ಮನ್ಯಾಗ ಕೆಲಸ ಇಲ್ಲ. ಕಂಡಿಕಿ ಇಲ್ಲ, ನೀರಿಲ್ಲ, ಕಸ ಇಲ್ಲ, ಭಾಂಡಿ ಇಲ್ಲ. ಸಾಹೇಬ್ರು ಬರೂತನಕ ಆಕಿ ಖಾಲಿ. ಸುಳ್ಳ ಅಲ್ಲ, ಖರೇನ ಖಾಲಿ."

"ಮತ್ತ ಕಂಡಿಕಿ?" ಎಂದ ಈರಪ್ಪ ಮಗ್ಗ ನಿಲ್ಲಿಸಿ.

"ನಾ ಸುತ್ತತೇನಿ. ಆಕಿ ಕಾಯಕ ನಾ ಮಾಡ್ತೇನಿ, ಆಕಿ ಗಂಗಾಳಕ್ಕ ರೊಟ್ಟಿ ಬೀಳ್ತೈತಿ. ಲೆಕ್ಕ ಸರಿ ಆತಿಲ್ಲ?"

"ನೀರು, ಭಾಂಡಿ?" ಎಂದಳು ಗುರುಲಿಂಗವ್ವ.

ಕೂಡಲೆಪ್ಪನ ಲೆಕ್ಕ ಅಲ್ಲಿಯ ತನಕ ಹೋಗಿರಲಿಲ್ಲ.

ಹೀಗೆ ಆ ಮನೆಯಲ್ಲಿ ಒಬ್ಬಳನ್ನು ನಿರುದ್ಯೋಗಿ ಮಾಡುವ ಉದ್ಯೋಗ ಶುರುವಾಯಿತು. ಐವತ್ತು ವರ್ಷ ಮಗ್ಗದಲ್ಲಿ ಕೂತಿದ್ದ ಕೂಡಲೆಪ್ಪ ಕಂಡಿಕೆ ಸುತ್ತುವ ರಾಟಿಯನ್ನು ಒಮ್ಮೆಯೂ ತಿರುಗಿಸಿರಲಿಲ್ಲ. ಅದು ಹೆಂಗಸರ ಮೂಲೆ. ನೇಯುವವನು ಕೈ ಚಾಚಿದರೆ ಸುತ್ತಿಟ್ಟ ಕಂಡಿಕೆ ಸಿಗಬೇಕು, ಅದನ್ನು ಲಾಳಿಯೊಳಗೆ ಕೂಡಿಸಿ ಅತ್ತಿಂದಿತ್ತ ಓಡಿಸಬೇಕು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಈಗ ಅದೇ ಮೂಲೆಯಲ್ಲಿ ಕಾಲು ಮಡಚಿ ಕೂತು ಒಂದು ಕೈಯಲ್ಲಿ ರಾಟಿ ತಿರುಗಿಸಿ, ಇನ್ನೊಂದು ಕೈಯಲ್ಲಿ ಎಳೆ ಹಿಡಿದ. ಬಿಗಿ ಹಿಡಿದರೆ ಎಳೆ ಹರಿಯುತ್ತಿತ್ತು. ಸಡಿಲ ಬಿಟ್ಟರೆ ಕಂಡಿಕೆ ಬೊದ್ದು ಬೊದ್ದಾಗಿ ಊದಿಕೊಳ್ಳುತ್ತಿತ್ತು.

"ಅಪ್ಪಾ, ಇದು ಕಂಡಿಕಿನೋ ಹೋಳಿಗಿನೋ?" ಎಂದು ಈರಪ್ಪ ಕುಣಿಯಿಂದ ಕೂಗಿದ. "ಲಾಳಿ ಒಂದು ಸಲ ಹೋಗೂದ್ರಾಗ ನೂಲೆಲ್ಲಾ ಕಳಚಿ ಗುಂಪಾಗಿ ಬೀಳಾಕತ್ತೈತಿ!"

"ಮೆಲ್ಲಕ ಹೊಡಿ."

"ಮೆಲ್ಲಕ ಹೊಡದ್ರ ಈ ಸೀರಿ ಮಗ್ಗದಿಂದ ದೀಪಾವಳಿಗೆ ಇಳೀತೈತಿ. ಸೀರಿ ಒಯ್ಯಾಕ ಇಳಕಲ್ಲ ಸಾವಕಾರ ಮುಂದಿನ ವಾರ ಬರ್ತಾನ."

ಊಟದ ಹೊತ್ತು ಜಾರತೊಡಗಿತು. ತನ್ನ ಪಾಲಿನ ಎಳೆ ಕೂಡಿಸುವುದು, ಮೇಲೆ ಮೊಮ್ಮಗಳ ಪಾಲಿನ ಕಂಡಿಕೆ, ಎರಡೂ ಮುಗಿಯುವ ತನಕ ಕೂಡಲೆಪ್ಪ ಊಟಕ್ಕೆ ಏಳುತ್ತಿರಲಿಲ್ಲ. ಅವನು ಏಳದೆ ಮನೆಯಲ್ಲಿ ಉಳಿದವರೂ ಉಣ್ಣುವಂತಿರಲಿಲ್ಲ. ಬಿಸಿ ರೊಟ್ಟಿ ಮೆತ್ತಗಾಗಿ, ಮೆತ್ತಗಿನದು ಬಿರುಸಾಗಿ, ಕೊನೆಗೆ ಮಜ್ಜಿಗೆಯಲ್ಲಿ ನೆನೆಸಿ ತಿನ್ನುವ ಹಾಗಾಗುತ್ತಿತ್ತು. ಗುರುಲಿಂಗವ್ವ ಎರಡು ಕೊಡ ನೀರು ಒಮ್ಮೆಲೇ ಹೊತ್ತು ತರುತ್ತಿದ್ದಳು. ಬಂದವಳೇ ಭಾಂಡೆಯ ಮುಂದೆ ಕೂತು, ಯಾರ ಮೇಲೆ ಸಿಟ್ಟಿತ್ತೋ ಅವರ ಗಂಗಾಳವನ್ನು ಹೆಚ್ಚು ಸಪ್ಪಳ ಮಾಡಿ ತಿಕ್ಕುತ್ತಿದ್ದಳು. ಆ ತಿಂಗಳು ಎಲ್ಲರ ಗಂಗಾಳವೂ ಸಪ್ಪಳ ಮಾಡಿತು.

ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ಮಾತ್ರ ನೀಲವ್ವ. ಕೆಲಸ ಮಾಡಿ ದಣಿದದ್ದು ಅವಳಿಗೆ ಗೊತ್ತಿತ್ತು, ಸುಮ್ಮನೆ ಕೂತು ದಣಿಯುವುದು ಹೊಸದು. ಕಟ್ಟೆಯ ಮೇಲೆ ಕೂತರೆ ದಾರಿಯಲ್ಲಿ ಹೋಗುವವರೆಲ್ಲ ಕೇಳುವವರೇ. ಒಳಗೆ ಕೂತರೆ ಅಜ್ಜ ಎಳೆ ಹರಿದುಕೊಂಡು ಗೊಣಗುವುದನ್ನು ನೋಡಬೇಕು. ಉಂಡದ್ದು ಮೈಗೆ ಹತ್ತಲಿಲ್ಲ. ಒಂದು ದಿನ ತಡೆಯಲಾರದೆ ಗೋಡೆ ದಾಟಿ ರಂಜಾನಬಿಯ ಮನೆಗೆ ಹೋಗಿ ಅವಳ ಭಾಂಡೆಯನ್ನೆಲ್ಲ ತಿಕ್ಕಿಟ್ಟಳು. ಮರುದಿನ ಅವಳ ಬೆಳ್ಳುಳ್ಳಿ ಸುಲಿದು ಕೊಟ್ಟಳು. ಮೂರನೆಯ ದಿನ ಕೂಡಲೆಪ್ಪ ಗೋಡೆಯ ಮೇಲಿಂದ ಇಣುಕಿ ಹಿಡಿದ.

"ಏ ಅವ್ವಿ, ಏನ್ ಮಾಡಾಕತ್ತಿ ಅಲ್ಲಿ?"

"ಇದು ನಮ್ಮ ಮನಿ ಕೆಲಸ ಅಲ್ಲ ಮುತ್ಯಾ."

"ಯಾರ ಮನೀದಾದ್ರೂ ಕೆಲಸ ಕೆಲಸನ. ಏಳು. ಬಂದು ಖಾಲಿ ಕೂಡು."

ರಂಜಾನಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಕಾಕಾ, ಇನ್ನ ಎರಡು ದಿನ ಬಿಡ್ರಿ, ಜೋಳ ಹಸನ ಮಾಡೂದು ಉಳದೈತಿ."

ಆದರೆ ಎಲ್ಲರೂ ನಗಲಿಲ್ಲ. ದುಡಿಯುವ ಹುಡುಗಿ ದಿನವಿಡೀ ಕಟ್ಟೆಯ ಮೇಲೆ ಕೂತಿದ್ದಾಳೆಂದರೆ ಮೈಯಲ್ಲಿ ಏನೋ ಹುಳುಕಿರಬೇಕು ಎಂದು ಓಣಿಯಲ್ಲಿ ಮಾತು ಹುಟ್ಟಿತು. ಎದೆಯ ಬ್ಯಾನಿ ಎಂದು ಒಬ್ಬರು, ಗಾಳಿ ಸೋಕಿದೆ ಎಂದು ಇನ್ನೊಬ್ಬರು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಯೊಂದರಿಂದ ನೀಲವ್ವನ ಸಂಬಂಧ ಕೇಳಿದ್ದರು. ಅವರು ಹೇಳಿಕಳಿಸಿದರು, ಹುಡುಗಿಯ ಪ್ರಕೃತಿ ನೆಟ್ಟಗಿದೆಯೇ ಎಂದು.

ಗುರುಲಿಂಗವ್ವ ಆ ದಿನ ಸೆರಗು ಬಿಗಿದು ಮಾವನ ಮುಂದೆ ನಿಂತಳು. ಮದುವೆಯಾಗಿ ಬಂದಾಗಿನಿಂದ ಹಾಗೆ ನಿಂತವಳಲ್ಲ.

"ಮಾವಾರ, ಸಾಕು ಮಾಡ್ರಿ ಈ ಆಟ. ನನ್ನ ಮಗಳು ರೋಗಿಷ್ಟಿ ಅಂತ ಊರೆಲ್ಲಾ ಸುದ್ದಿ ಆತು. ನಿಮ್ಮ ಬಾಯಾಗ ಒಂದು ಸುಳ್ಳು ಬರೂದಿಲ್ಲ ಅಂತ ಊರ ಬಾಯಾಗ ನೂರು ಸುಳ್ಳು ಬಂದ್ವು. ಅದರ ಲೆಕ್ಕ ಯಾರು ಕೊಡ್ತಾರ?"

"ಬಂದು ನೋಡಲಿ ಅವರು. ಹುಡುಗಿ ಕಲ್ಲ ಇದ್ದಂಗ ಅದಾಳ."

"ನೋಡೂದು ಇರಲಿ. ನನ್ನ ಕಡೆ ನೋಡೀರೇನು ಯಾರರ? ಈ ತಿಂಗಳು ನನ್ನ ಟೊಂಕ ನೆಲಕ್ಕ ಹತ್ತಿಲ್ಲ."

ನೀಲವ್ವ ಎದ್ದು ಬಂದು ಅಜ್ಜನ ಕೈಯಿಂದ ರಾಟಿಯ ಹಿಡಿ ಬಿಡಿಸಲು ನೋಡಿದಳು. "ಮುತ್ಯಾ, ನನಗ ಬ್ಯಾಡ ಮೋಟರು. ಖರೇನ ಬ್ಯಾಡ. ನನ್ನ ರಾಟಿ ನನಗ ಕೊಡು."

ಅವಳ ದನಿ ಒಡೆದಿತ್ತು. ಅವಳಿಗೆ ಮೋಟರು ಬೇಕಾಗಿಯೇ ಇತ್ತು ಎನ್ನುವುದು ಆ ದನಿಯಿಂದಲೇ ಎಲ್ಲರಿಗೂ ತಿಳಿಯಿತು. ಕೂಡಲೆಪ್ಪ ಹಿಡಿ ಬಿಡಲಿಲ್ಲ.

"ಈಟು ದಿನ ಆತು. ಇನ್ನ ಸ್ವಲ್ಪ ತಡಕೋರಿ," ಎಂದ. ಅಪ್ಪಣೆಯ ಹಾಗೆ ಅಲ್ಲ, ಕೇಳಿಕೊಂಡ ಹಾಗೆ.

ದಿನ ಕಳೆದಂತೆ ಅವನ ಕಂಡಿಕೆ ಸುಧಾರಿಸಿತು, ಭುಜ ಕೆಟ್ಟಿತು. ಬಲಗೈ ಮೇಲೆತ್ತಲು ಬರದಂತಾಯಿತು. ವಿಭೂತಿ ಹಚ್ಚಿಕೊಳ್ಳಲೂ ಎಡಗೈಯೇ ಬೇಕಾಯಿತು. ಒಂದು ಮಧ್ಯಾಹ್ನ ಗುರುಲಿಂಗವ್ವ ಬಿಸಿ ಎಣ್ಣೆಯ ಬಟ್ಟಲು ತಂದು ಅವನ ಮುಂದಿಟ್ಟಳು.

"ನಿಮ್ಮ ಅತ್ತಿ ನಲವತ್ತು ವರ್ಷ ಸುತ್ತಿದ್ಲು ಇದನ್ನ," ಎಂದ ಕೂಡಲೆಪ್ಪ ತೀರಿಹೋದ ಹೆಂಡತಿಯನ್ನು ನೆನೆದು. "ಒಂದಿನಾನೂ ಕೈ ನೋಯ್ತಾವು ಅನ್ನಲಿಲ್ಲ."

"ಅಂತಿದ್ರು."

"ಯಾವಾಗ?"

"ದಿನಾ ಅಂತಿದ್ರು. ನನ್ನ ಮುಂದ ಅಂತಿದ್ರು. ನಿಮ್ಮ ಮುಂದ ಅನ್ನಲಿಲ್ಲ."

ಕೂಡಲೆಪ್ಪ ಎಡಗೈಯ ಬೆರಳನ್ನು ಎಣ್ಣೆಯಲ್ಲಿ ಅದ್ದಿದ. ಸತ್ತ ಹೆಂಡತಿಯ ಮೇಲೆ ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡನ್ನೂ ಸೊಸೆಯ ಮುಂದೆ ತೋರಿಸದೆ ಭುಜಕ್ಕೆ ಎಣ್ಣೆ ತಿಕ್ಕಿಕೊಂಡ.

ಅಷ್ಟರಲ್ಲಿ ಮಳೆ ಹಿಡಿಯಿತು. ತಂಪುಗಾಳಿಗೆ ಕೂಡಲೆಪ್ಪನಿಗೆ ಚಳಿಜ್ವರ ಬಂತು. ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ. ಕಂಡಿಕೆಯ ಬುಟ್ಟಿ ಬರಿದಾಯಿತು.

ಸಾವಕಾರ ಮತ್ತೆ ಬರುವ ದಿನ ಅದು. ಸೀರೆ ಇಳಿಯಲು ಇನ್ನು ಮೊಳದಷ್ಟು ಉಳಿದಿತ್ತು. ಈರಪ್ಪ ಕುಣಿಯಿಂದ ಕೂಗಿದ, "ಕಂಡಿಕಿ!"

ಒಲೆಯ ಮುಂದೆ ಗುರುಲಿಂಗವ್ವನ ಎರಡೂ ಕೈಯಲ್ಲಿ ಹಿಟ್ಟು. ಹಂಚಿನ ಮೇಲೆ ಒಂದು ರೊಟ್ಟಿ, ಹಿಟ್ಟು ನಾದುವ ಕೊಣಮಿಗೆಯಲ್ಲಿ ಇನ್ನೊಂದಕ್ಕೆ ಮುದ್ದೆ. "ಕೈ ಖಾಲಿ ಇಲ್ಲ, ತಡೀರಿ," ಎಂದಳು.

"ಎಷ್ಟೊತ್ತು ತಡೀಲಿ? ಲಾಳಿ ಬರಿದಾಗಿ ಕುಂತೈತಿ! ಕಂಡಿಕಿ!"

ಕೂಡಲೆಪ್ಪ ಕಂಬಳಿಯೊಳಗಿಂದ ಏಳಲು ನೋಡಿದ, ತಲೆ ತಿರುಗಿ ಮತ್ತೆ ಬಿದ್ದ. ನೀಲವ್ವ ಕಟ್ಟೆಯಿಂದ ಇದನ್ನು ನೋಡಿದಳು. ಇಷ್ಟು ದಿನ ಹಿಡಿದಿಟ್ಟದ್ದು ಆ ಒಂದು ಗಳಿಗೆಯಲ್ಲಿ ಕೈಮೀರಿತು. ಒಳಗೆ ಓಡಿಬಂದು ರಾಟಿಯ ಮುಂದೆ ಕೂತು ತಿರುಗಿಸತೊಡಗಿದಳು. ಒಂದು ಕಂಡಿಕೆ ತಂದೆಯ ಕೈಗೆ ಹೋಯಿತು, ಎರಡನೆಯದು ಹೋಯಿತು. ಮೂರನೆಯದು ಅರ್ಧವಾಗಿರುವಾಗ ಬಾಗಿಲಲ್ಲಿ ಕೊಡೆ ಮಡಚುವ ಸಪ್ಪಳವಾಯಿತು.

ಪಂಢರೀನಾಥರು ಒಳಗೆ ಬಂದರು. ರಾಟಿಯ ಮುಂದಿನ ಹುಡುಗಿಯನ್ನು ನೋಡಿ ಅವರ ಮುಖ ಸಣ್ಣದಾಯಿತು. ಪಾಪ, ಅವರಿಗೂ ಹೆಸರು ಬರೆದುಕೊಳ್ಳುವ ಮನಸ್ಸೇ ಇತ್ತು.

"ಏನ್ರಿ ಕೂಡಲೆಪ್ಪನವರ, ಹುಡುಗಿ ಕೆಲಸಾ ಮಾಡ್ಲಿಕ್ಕತ್ತಾಳಲ್ರಿ?"

ನೀಲವ್ವನ ಕೈ ರಾಟಿಯ ಮೇಲೆಯೇ ನಿಂತಿತು. ಒಂದು ತಿಂಗಳ ಕಷ್ಟ ಅರ್ಧ ಕಂಡಿಕೆಗೆ ಹೋಯಿತಲ್ಲ ಎಂದು ಅವಳು ತಲೆ ತಗ್ಗಿಸಿದಳು. ಕೂಡಲೆಪ್ಪ ಕಂಬಳಿ ಸರಿಸಿ ಗೋಡೆ ಹಿಡಿದು ಎದ್ದು ಕೂತ.

"ಅದು ನನ್ನ ಕೆಲಸ ಸಾಹೇಬ್ರ. ನನಗ ಜ್ವರ ಬಂದಾವ. ತಿಂಗಳಾತು, ಕಂಡಿಕಿ ನಾನ ಸುತ್ತಾಕತ್ತೇನಿ. ಬೇಕಾದ್ರ ಓಣಿ ಮಂದೀನ ಕೇಳ್ರಿ."

"ಕೇಳೀನಿ, ಎಲ್ಲಾರೂ ನಕ್ಕೋತ ಹೇಳ್ಯಾರ. ಅದು ಖರೆ. ಆದ್ರ ತಿಂಗಳದ ಮೊದಲ ಈ ಕೆಲಸ ಯಾರದಿತ್ತು?"

"ಮೊದಲ..." ಎಂದ ಕೂಡಲೆಪ್ಪ. ಆಕೆಯದು ಎನ್ನಲು ಹೊರಟವನು ತಡೆದುಕೊಂಡ.

"ಆಕಿಗೆ ಇದರದ್ದು ಪಗಾರ ಏನರೆ ಕೊಡ್ತಿದ್ರೇನು?"

"ಮನಿ ಹುಡುಗಿಗೆ ಪಗಾರ ಕೊಡ್ತಾರೇನ್ರಿ?" ಎಂದು ಕೂಡಲೆಪ್ಪ ನಕ್ಕ. ನಗು ಅರ್ಧಕ್ಕೆ ನಿಂತಿತು. ಸಾವಕಾರ ಸೀರೆ ಒಯ್ಯುವಾಗ ಈರಪ್ಪನ ಸೀರೆ ಎನ್ನುತ್ತಾನೆ. ಅದಕ್ಕೂ ಮೊದಲು ಕೂಡಲೆಪ್ಪನ ಸೀರೆ ಎನ್ನುತ್ತಿದ್ದರು. ನಿಮ್ಮ ಮಗ್ಗದ ಮೇಲೆ ದುಡಿಯುವ ಕೈ ಎಷ್ಟು ಎಂದು ಯಾರಾದರೂ ಕೇಳಿದರೆ ಅವನು ಯಾವತ್ತೂ ಹೇಳಿದ್ದು, ಒಬ್ಬನೇ ಮಗ. ಅವನ ಬಲಭುಜ ನೋಯುತ್ತಿತ್ತು. ಒಂದು ತಿಂಗಳಿಗೇ ಇಷ್ಟು ನೋವು.

ಅವನು ಈ ಸಲ ಕೆಮ್ಮಲಿಲ್ಲ, ಬೆವರಲಿಲ್ಲ.

"ಬರಕೋರಿ ಸಾಹೇಬ್ರ. ನನ್ನ ಮೊಮ್ಮಗಳಿಗೆ ಕೆಲಸ ಇಲ್ಲ. ಈ ಮನ್ಯಾಗ ಆಕಿಗೆ ದುಡಿತ ಐತಿ, ಆಕೀದು ಅಂತ ಒಂದೂ ಕೆಲಸ ಇಲ್ಲ. ಈ ತಿಂಗಳಷ್ಟ ಅಲ್ಲ, ಹಿಂದಿನಿಂದ್ಲೂ ಇದ್ದಿಲ್ಲ. ಸುಳ್ಳು ಹೇಳಾವಲ್ಲ ಅಂತ ಕುಂತಿದ್ದೆ ನಾ. ಆವತ್ತ ನಿಮಗ ಹೇಳಿದ್ದ ಸುಳ್ಳು."

ಪಂಢರೀನಾಥರು ಏನೂ ಕೇಳದೆ ನೀಲವ್ವನ ಹೆಸರು ಬರೆದರು. "ಬರೋ ತಿಂಗಳ ಒಂದನೇ ತಾರೀಖಿಗೆ ಹುನಗುಂದಕ್ಕ ಬಾರವಾ. ಮುರ್ತುಜಸಾಬರು ನಿನ್ನ ಹಾದಿ ನೋಡ್ಲಿಕ್ಕತ್ತಾರ," ಎಂದರು. ನೀಲವ್ವನಿಗೆ ನಗಬೇಕೋ ಅಳಬೇಕೋ ತಿಳಿಯದೆ, ಅರ್ಧವಾಗಿದ್ದ ಕಂಡಿಕೆಯನ್ನು ಎದೆಗೆ ಒತ್ತಿ ಹಿಡಿದಳು.

ಪಂಢರೀನಾಥರು ಎದ್ದು ಕೊಡೆ ಬಿಚ್ಚುವಷ್ಟರಲ್ಲಿ ಒಲೆಯ ಕಡೆಯಿಂದ ದನಿ ಬಂತು.

"ಹಂಗಾರ ನನ್ನ ಹೆಸರೂ ಬರಕೋರಿ."

ಎಲ್ಲರೂ ತಿರುಗಿ ನೋಡಿದರು. ಗುರುಲಿಂಗವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಅವ್ವಾರ, ಇದು ಸಣ್ಣ ವಯಸ್ಸಿನವರಿಗೆ," ಎಂದರು ಪಂಢರೀನಾಥರು ಸಂಕೋಚದಿಂದ. "ಹದಿನೆಂಟರಿಂದ ಮೂವತ್ತೈದರ ತನಕ ಅಷ್ಟ."

"ನನಗ ಮೂವತ್ನಾಕು."

"ಮೂವತ್ನಾಕ?" ಎಂದ ಈರಪ್ಪ ಕುಣಿಯೊಳಗಿಂದ. ಹೆಂಡತಿಯನ್ನು ಈಗಲೇ ಮೊದಲ ಸಲ ನೋಡಿದವನ ಹಾಗೆ ಅವನ ಬಾಯಿ ತೆರೆದೇ ಇತ್ತು.

"ಹೌದು. ನೀಲವ್ವ ಹುಟ್ಟಿದಾಗ ನನಗ ಹದಿನೈದು. ಆಕಿಗೆ ಈಗ ಹತ್ತೊಂಬತ್ತು. ಮಾವಾರ ಲೆಕ್ಕದಾಗ ಭಾಳ ಶ್ಯಾಣೇರದಾರ, ಅವರನ್ನ ಕೇಳ್ರಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನೀರು ತಂದೆ, ಗಂಜಿ ಹಾಕಿದೆ, ರೊಟ್ಟಿ ಬಡದೆ. ಇಪ್ಪತ್ತು ವರ್ಷ ಆತು. ಇದರಾಗ ನಂದು ಅಂತ ಕೆಲಸ ಯಾವುದು ಐತಿ, ಯಾರರ ಹೇಳ್ರಿ. ಐತಿ ಅಂದ್ರ ನಾ ಸುಮ್ಮನ ಒಳಗ ಹೋಗ್ತೇನಿ."

ಮಳೆ ಜೋರಾಯಿತು. ಈ ಮನೆಯಲ್ಲಿ ಅವಳ ಪ್ರಶ್ನೆಗೆ ಉತ್ತರ ಬರದೇ ಇರುವುದು ಹೊಸದಲ್ಲ. ಆದರೆ ಇವತ್ತು ಉತ್ತರ ಹುಡುಕಿ ಸಿಗದೆ ಸುಮ್ಮನಾದವರು ಮೂವರು ಇದ್ದರು.

"ಬರಕೋರಿ ಸಾಹೇಬ್ರ," ಎಂದ ಕೂಡಲೆಪ್ಪ ಕೊನೆಗೆ.

"ಬರಕೋತೀನಿ. ಯಾವ ಕಸುಬು ಅಂತ ಬರೀಲಿ?"

ಕೂಡಲೆಪ್ಪ ಸೊಸೆಯ ಕಡೆ ತಿರುಗಿದ. "ಏನು ಕಲೀತಿ ಯವ್ವಾ?"

ಗುರುಲಿಂಗವ್ವ ಬಾಯಿ ತೆರೆದಳು. ಜಗಳಕ್ಕೆ ಅವಳ ಹತ್ತಿರ ಮಾತಿತ್ತು, ಇದಕ್ಕೆ ಇರಲಿಲ್ಲ. ಹಿಟ್ಟಿನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಳು.

"ನನಗೇನ್ ಗೊತ್ತು?" ಎಂದಳು. "ಯಾರೂ ಕೇಳಿದ್ದಿಲ್ಲ. ಕೇಳಿದ್ದಿಲ್ಲ ಅಂತ ನಾನೂ ವಿಚಾರ ಮಾಡಿದ್ದಿಲ್ಲ. ಒಂದಿನ ಟೈಮ್ ಕೊಡ್ರಿ ನನಗ. ಕುಂತು ವಿಚಾರ ಮಾಡ್ತೇನಿ."

ಹಾಗೆಂದವಳೇ ಪಡಸಾಲೆಯ ಕಂಬಕ್ಕೆ ಒರಗಿ ಕೂತೇಬಿಟ್ಟಳು. ಮಧ್ಯಾಹ್ನದ ಹೊತ್ತಿನಲ್ಲಿ ಅವಳು ಕೂತದ್ದನ್ನು ಆ ಮನೆಯವರು ಕಂಡಿರಲಿಲ್ಲ. ಒಳಗಿನಿಂದ ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಗುರುಲಿಂಗವ್ವ ಏಳಲಿಲ್ಲ. ನೀಲವ್ವ ಏಳಹೋದಳು, ಕೂಡಲೆಪ್ಪ ಅವಳ ಕೈ ಹಿಡಿದು ಕೂಡಿಸಿದ. ಈರಪ್ಪ ಒಮ್ಮೆ ಅಪ್ಪನನ್ನು, ಒಮ್ಮೆ ಮಗಳನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಆಮೇಲೆ ಲಾಳಿಯನ್ನು ಬದಿಗಿಟ್ಟು, ಕುಣಿಯಿಂದ ಮೇಲೆದ್ದು, ರೊಟ್ಟಿ ಮಗುಚಲು ಒಲೆಯ ಕಡೆ ಹೋದ.